ಸಿ ಡ್ರೈವ್ ಪೂರ್ತಿ ಕಾಪಿ ಮಾಡಿ ಇಟ್ಟುಕೊಂಡರೆ ಸಾಕಾ?

ಹಾವೇರಿ_ಡಿಟಿಪಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರೋ ಕಂಪ್ಯೂಟರಿನಲ್ಲೇ ಲಗ್ನಪತ್ರಿಕೆ, ಪಾಂಪ್ಲೆಟ್ ಕೆಲಸ ಮಾಡುತ್ತೇನೆ. ವಿಂಡೋಸ್ 10 ಇದೆ. ಅದಕ್ಕೆ 2025ರ ಅಕ್ಟೋಬರಿನಲ್ಲೇ ಸಪೋರ್ಟ್ ನಿಂತಿದೆ, ಹಾಗಾಗಿ 11ಕ್ಕೆ ಹೋಗಬೇಕು. ಆದರೆ ಇದರಲ್ಲಿ ನುಡಿ, ಟ್ಯಾಲಿ, ಹಳೇ ಪ್ರಿಂಟರಿನ ಡ್ರೈವರ್ ಎಲ್ಲ ಸರಿಯಾಗಿ ಕೂತಿವೆ, ಕೆಲವಕ್ಕೆ ಸಿಡಿಯೂ ಈಗ ಸಿಗುವುದಿಲ್ಲ. ಏನಾದರೂ ಕೆಟ್ಟರೆ ಈಗ ಇರುವ ಹಾಗೇ ವಾಪಸ್ ಬರಬೇಕು. ಸಿ ಡ್ರೈವ್ 256 ಜಿಬಿ ಎಸ್ಎಸ್‌ಡಿ, 110 ಜಿಬಿ ತುಂಬಿದೆ. 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ಮಕ್ಕಳ ಫೋಟೋಗಳಿವೆ. ಸುಮ್ನೆ ಎಲ್ಲ ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಆಗುತ್ತಾ? ಫೋಟೋ ಅಳಿಸಿ ಹೋಗಲ್ಲ ಅಲ್ವಾ?

ತುಂಗಾತೀರ:
ಕಾಪಿ ಮಾಡಿದರೆ ನಿಮ್ಮ ಫೈಲುಗಳು ಉಳಿಯುತ್ತವೆ, ಆದರೆ ವಿಂಡೋಸ್ ಅದರಿಂದ ಏಳುವುದಿಲ್ಲ. ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲುಗಳು ಇಎಫ್ಐ ಅನ್ನೋ ಬೇರೆ ಸಣ್ಣ ಪಾರ್ಟಿಷನ್ನಿನಲ್ಲಿರುತ್ತವೆ, ಅದು ಎಕ್ಸ್‌ಪ್ಲೋರರಿನಲ್ಲಿ ಕಾಣುವುದೇ ಇಲ್ಲ. ರಿಜಿಸ್ಟ್ರಿಯಂಥವು (ವಿಂಡೋಸಿನ ಸೆಟ್ಟಿಂಗುಗಳಿರುವ ಫೈಲುಗಳು) ವಿಂಡೋಸ್ ಓಡುತ್ತಿರುವಾಗ ಲಾಕ್ ಆಗಿರುತ್ತವೆ. ನಿಮಗೆ ಬೇಕಾಗಿರೋದು ಸಿಸ್ಟಮ್ ಇಮೇಜ್, ಅಂದರೆ ವಿಂಡೋಸ್, ಸಾಫ್ಟ್‌ವೇರ್, ಫೈಲು ಎಲ್ಲ ಸೇರಿಸಿ ಈಗ ಇರುವ ಹಾಗೇ ತೆಗೆದಿಡುವ ಪ್ರತಿ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)' ಅಂತ ಇದೆ, ಅದರೊಳಗೆ 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್'. ಹೆಸರು ಹಳೆಯದು, 2017ರಿಂದ ಮೈಕ್ರೋಸಾಫ್ಟ್ ಅದನ್ನು ಬೆಳೆಸುತ್ತಿಲ್ಲ, ಬೇರೆ ಸಾಫ್ಟ್‌ವೇರ್ ಬಳಸಿ ಅಂತಲೇ ಹೇಳುತ್ತದೆ. ನಾನಾದರೆ ರೆಸ್ಕ್ಯೂಝಿಲ್ಲಾ ಬಳಸುತ್ತೇನೆ. ದುಡ್ಡು ಕೊಡಬೇಕಿಲ್ಲ, ಪೆನ್ ಡ್ರೈವಿನಿಂದ ಬೂಟ್ ಆಗುತ್ತದೆ, ಮೌಸ್ ಹಿಡಿದೇ ಎಲ್ಲ ಮಾಡಬಹುದು. ಅದಕ್ಕೆ ಮೊದಲು ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ.

ಫೋಟೋ ವಿಷಯ ಗಮನವಿಟ್ಟು ಓದಿ. ಇಮೇಜ್ ಅಂದರೆ ಡಿಸ್ಕಿನಲ್ಲಿ ಒಂದು ಫೋಲ್ಡರ್ ಅಷ್ಟೇ, ಉಳಿದದ್ದು ಹಾಗೇ ಇರುತ್ತದೆ. ಕ್ಲೋನ್ ಅಂದರೆ ಎದುರಿಗಿರುವ ಡಿಸ್ಕನ್ನು ಪೂರ್ತಿ ಅಳಿಸಿ ಬರೆಯುತ್ತದೆ. ಎರಡೂ ಬಟನ್ ಒಂದೇ ಪರದೆಯಲ್ಲಿರುತ್ತವೆ, ಬ್ಯಾಕಪ್ಪನ್ನೇ ಒತ್ತಿ.

ಕೋಲಾರ_ಕಣಗಿಲೆ:
ತುಂಗಾತೀರ ಅವರು ಹೇಳಿದ್ದು ಸರಿ, ಆದರೆ ವಾಪಸ್ ತರೋದು ಹೇಗೆ ಅಂತ ಈಗಲೇ ನೋಡಿಕೊಳ್ಳಿ, ಇಮೇಜ್ ಇದೆ ಅಂತ ನಿಶ್ಚಿಂತೆಯಾಗಿದ್ದು ಡಿಸ್ಕ್ ಕೆಟ್ಟ ದಿನ ಪೆನ್ ಡ್ರೈವ್ ಬೂಟ್ ಆಗದೆ ಒದ್ದಾಡುವವರು ಜಾಸ್ತಿ. ಈಗಲೇ ಬೂಟ್ ಮಾಡಿ, ಎಕ್ಸ್‌ಟರ್ನಲ್ ಡಿಸ್ಕ್ ಅದಕ್ಕೆ ಕಾಣುತ್ತದಾ ನೋಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸಿನ ವ್ಯವಸ್ಥೆ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಮುಂದೆ ಹೊಸ ಎಸ್ಎಸ್‌ಡಿ ಹಾಕಿಸಿದರೂ ಅದು ಹಳೆಯದಕ್ಕಿಂತ ಚಿಕ್ಕದಿರಬಾರದು, ತುಂಬಿರೋದು 110 ಜಿಬಿಯೇ ಆದರೂ.

11ಕ್ಕೆ ಹೋದ ಮೇಲೆ 'ಗೋ ಬ್ಯಾಕ್' ಅಂತ ಒಂದು ದಾರಿ ಇರುತ್ತದೆ, ಆದರೆ ಮಾಮೂಲಾಗಿ 10 ದಿನ ಮಾತ್ರ. ಟ್ಯಾಲಿ ತೊಂದರೆ ತಿಂಗಳ ಕೊನೆಗೆ ಗೊತ್ತಾದರೆ ಆ ದಾರಿ ಮುಚ್ಚಿರುತ್ತದೆ. ಇಮೇಜ್ ಬೇಕೇ ಬೇಕು.

ಹಾವೇರಿ_ಡಿಟಿಪಿ:
ಇಬ್ಬರಿಗೂ ಧನ್ಯವಾದ. ಎಷ್ಟು ಹೊತ್ತು ಹಿಡಿಯುತ್ತದೆ? ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲ. ಆಮೇಲೆ ಒಂದೇ ಒಂದು ಫೈಲ್ ಬೇಕಾದರೆ ಎಲ್ಲವನ್ನೂ ರಿಸ್ಟೋರ್ ಮಾಡಬೇಕಾ?

ತುಂಗಾತೀರ:
ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ, ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ. ಗಂಟೆಯೊಳಗೆ ಮುಗಿಯಬಹುದು, ಯುಎಸ್‌ಬಿ 2 ಆದರೆ ಇನ್ನೂ ಜಾಸ್ತಿ. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಸಿ ಡ್ರೈವಿಗೆ ಏನೂ ಆಗಲ್ಲ, ಆದರೆ ಆ ಇಮೇಜ್ ಉಪಯೋಗಕ್ಕೆ ಬರುವುದಿಲ್ಲ.

ಒಂದು ಫೈಲಿಗಾಗಿ ಎಲ್ಲವನ್ನೂ ತರಬೇಕಿಲ್ಲ. ರೆಸ್ಕ್ಯೂಝಿಲ್ಲಾದಲ್ಲೇ ಇಮೇಜ್ ತೆರೆದು ನೋಡುವ ಅವಕಾಶ ಇದೆ. ವಿಂಡೋಸಿನ ಇಮೇಜ್ ಆದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 'ಅಟ್ಯಾಚ್ ವಿಎಚ್‌ಡಿ' ಕೊಟ್ಟರೆ ಮಾಮೂಲಿ ಡ್ರೈವಿನ ಹಾಗೆ ತೆರೆಯುತ್ತದೆ.

ಕೋಲಾರ_ಕಣಗಿಲೆ:
ವಿಂಡೋಸಿನದ್ದೇ ಬಳಸಿದರೆ ಇನ್ನೆರಡು ಮಾತು. ಡಿಸ್ಕ್ ಎನ್‌ಟಿಎಫ್ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಬಗೆ) ಇರಬೇಕು. ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಬಗೆ ಆಗಿದ್ದರೆ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ, ಹಾಗಾಗಿ ಮೊದಲು ಫೋಟೋಗಳನ್ನು ಬೇರೆ ಕಡೆ ಇಡಿ. ನಿಜ ಹೇಳಬೇಕೆಂದರೆ ಆ ಫೋಟೋಗಳು ಒಂದೇ ಡಿಸ್ಕಿನಲ್ಲಿರೋದೇ ನನಗೆ ಭಯ. ಮುಗಿದ ಮೇಲೆ ಡಿಸ್ಕನ್ನು ಕಿತ್ತಿಡಿ, ರ‍್ಯಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಬಂದರೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಮತ್ತೆ, ಮುಂದಿನ ಸಲ ತೆಗೆಯುವಾಗ ಹಳೇ ಇಮೇಜಿನ ಮೇಲೇ ಬರೆದುಬಿಡಬಹುದು, ಅದಕ್ಕೆ 'ವಿಂಡೋಸ್‌ಇಮೇಜ್‌ಬ್ಯಾಕಪ್' ಫೋಲ್ಡರಿನ ಹೆಸರು ಬದಲಿಸಿಡಿ. ರಿಸ್ಟೋರ್ ಮಾಡುವ ಮೊದಲು ಮಾತ್ರ ಹಳೇ ಹೆಸರನ್ನೇ ಕೊಡಬೇಕು, ಇಲ್ಲದಿದ್ದರೆ ಅದಕ್ಕೆ ಇಮೇಜ್ ಸಿಗುವುದಿಲ್ಲ.