ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಂ: ಎರಡನೇ ಸೈಡ್ ಬೋರ್ ಅನ್ನುವವನು ನಾನೊಬ್ಬನೇನಾ?

ಮುದ್ದೆ_ಮತ್ತು_ಮೆಟಲ್:
ಮೊದಲೇ ಹೇಳಿಬಿಡುತ್ತೇನೆ, ಜಗಳಕ್ಕೆ ಬಂದಿಲ್ಲ. 2025ರ ಜುಲೈನಲ್ಲಿ ಗಾಯಕ ಓಜಿ ಓಸ್ಬೋರ್ನ್ ತೀರಿಕೊಂಡ ಮೇಲೆ ಅವನ ಇಂಗ್ಲಿಷ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಆಲ್ಬಂಗಳನ್ನು ಒಂದೊಂದಾಗಿ ಕೇಳಲು ಕೂತೆ. 1970ರ ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲ ಹಾಡಿನ ಮಳೆ, ಗಂಟೆ, ಆಮೇಲೆ ಆ ಮೂರು ಸ್ವರ: ಮೈ ಜುಂ ಅನ್ನುತ್ತದೆ, ಒಪ್ಪಿದೆ. 'ಎನ್.ಐ.ಬಿ.' ಕೂಡ ಸೂಪರ್. ಆದರೆ ಎರಡನೇ ಸೈಡ್? 'ಈವಿಲ್ ವುಮನ್' ಬೇರೆ ಬ್ಯಾಂಡಿನ ಹಾಡು. 'ವಾರ್ನಿಂಗ್' ಕೂಡ ಬೇರೆಯವರದ್ದೇ, ಅದೂ ಹತ್ತು ನಿಮಿಷ! ನಡುವೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ, ಗಿಟಾರ್ ಇನ್ನೂ ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಅದೇ ವರ್ಷ ಬಂದ ಅವರ ಎರಡನೇ ಆಲ್ಬಂ 'ಪ್ಯಾರನಾಯ್ಡ್' ಎಷ್ಟು ಬಿಗಿಯಾಗಿದೆ ನೋಡಿ. ಹೆವಿ ಮೆಟಲ್ ಇಲ್ಲಿಂದ ಶುರುವಾಯಿತು ಅನ್ನುವ ಮರ್ಯಾದೆಗೆ ಇದಕ್ಕೆ ಸುಮ್ನೆ ಮಾರ್ಕ್ಸ್ ಜಾಸ್ತಿ ಹಾಕುತ್ತಿದ್ದೇವೆ, ಅಲ್ವಾ?

ಪ್ರತಿಮಧ್ಯಮ:
ಆ ಮೂರು ಸ್ವರದ ಬಗ್ಗೆ ಒಂದು ಮಾತು. ಸ, ಮೇಲಿನ ಸ, ಆಮೇಲೆ ಪ್ರತಿ ಮಧ್ಯಮ, ಅಂದರೆ ಪಂಚಮಕ್ಕೆ (ಪ) ಒಂದೇ ಮೆಟ್ಟಿಲು ಕೆಳಗಿನ ಮ. ಅಷ್ಟೇ. ಪಾಶ್ಚಾತ್ಯರ ಕಡೆ ಇದಕ್ಕೆ ದೆವ್ವದ ಹೆಸರು ಕಟ್ಟಿದ್ದಾರೆ. ನಮ್ಮ ಕರ್ನಾಟಕ ಸಂಗೀತದ 72 ಮೇಳಕರ್ತ (ಮೂಲ) ರಾಗಗಳಲ್ಲಿ 36ಕ್ಕೆ ಇದೇ ಮಧ್ಯಮ. ಮದುವೆ ಮನೆಯಲ್ಲಿ ಕಲ್ಯಾಣಿ ಊದುತ್ತಾರೆ, ಯಾರೂ ಹೆದರಿ ಓಡುವುದಿಲ್ಲ! ವೀಣೆ ಪಾಠ ಹೇಳುವ ನಮ್ಮಜ್ಜಿಗೆ ಕೇಳಿಸಿದೆ. "ಪಂಚಮ ಯಾಕೋ ಮುಟ್ಟಲ್ಲ ಇವನು?" ಅಂದರು. ಗುಟ್ಟು ಅದೇ. ಕಲ್ಯಾಣಿಯಲ್ಲಿ ಆ ಮಧ್ಯಮ ಪಂಚಮದ ಮನೆಗೆ ಹೋಗಿ ಕೂರುತ್ತದೆ. ಇಲ್ಲಿ ಬಾಗಿಲಲ್ಲೇ ನಿಂತು ನಡುಗುತ್ತದೆ.

ಹಳೇ_ಕ್ಯಾಸೆಟ್:
ಎರಡನೇ ಸೈಡ್ ನಾನೂ ಫಾರ್ವರ್ಡ್ ಮಾಡುತ್ತಿದ್ದೆ. ಆದರೆ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಐಯೋಮಿ ತಂತಿ ಸಡಿಲ ಮಾಡಿ ನುಡಿಸಿದ ಆ ದಪ್ಪ ಸದ್ದು ಇಲ್ಲೇ ಮೊದಲು ಬಂದಿದ್ದು. ಅದಕ್ಕಾದರೂ ಮಾರ್ಕ್ಸ್ ಕೊಡಿ.

ಪೀಣ್ಯ_ಎರಡನೇ_ಶಿಫ್ಟ್:
ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ಕ್ಯಾಸೆಟ್ ಅಣ್ಣ, ಶ್ರುತಿ ಇಳಿಸಿದ್ದು 1971ರ ಮೂರನೇ ಆಲ್ಬಂನಲ್ಲಿ. ಇಲ್ಲಿ ಮಾಮೂಲಿ ಶ್ರುತಿಯೇ.

ನಾನು ಹದಿನಾಲ್ಕು ವರ್ಷ ಪವರ್ ಪ್ರೆಸ್ (ತಗಡು ಒತ್ತುವ ಮೆಷಿನ್) ಓಡಿಸಿದವನು. ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಒಂದು ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿದ್ದ. ಆಗ ಅವನ ವಯಸ್ಸು ಹದಿನೇಳು, ಅವತ್ತು ಅಲ್ಲಿ ಅವನ ಕೊನೇ ದಿನ. ಅವನ ಕೆಲಸ ವೆಲ್ಡಿಂಗ್. ಪ್ರೆಸ್‌ನವರು ಬಂದಿರಲಿಲ್ಲ, ಇವನನ್ನು ನಿಲ್ಲಿಸಿದರು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ. ಅಂದರೆ ತಂತಿ ಒತ್ತುವ ಕೈಯೇ ಅದು.

"ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳಪ್ಪಾ" ಅಂತ ನನಗೂ ಒಬ್ಬರು ಹೇಳಿದ್ದರು. ಯಾವ ಕಂಪನಿ ಅಂತ ಕೇಳಬೇಡಿ. ಎಡಗೈ ತೋರುಬೆರಳಿನ ಉಗುರು ಈಗಲೂ ಅರ್ಧವೇ. ಎಂಟು ತಿಂಗಳು ಗಿಟಾರ್ ಮುಟ್ಟಲಿಲ್ಲ. ಚಳಿಗಾಲದ ಬೆಳಗ್ಗೆ ತಂತಿ ಒತ್ತಿದರೆ ಮೊಣಕೈವರೆಗೂ ಕರೆಂಟ್ ಹೊಡೆದ ಹಾಗಾಗುತ್ತದೆ.

ಐಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಬಾಟಲಿ ಕರಗಿಸಿ, ಉಂಡೆ ಮಾಡಿ, ತೂತು ಕೊರೆದು ಬೆರಳಿಗೆ ಟೋಪಿ ಮಾಡಿಕೊಂಡ. ಮೇಲೆ ಹಳೇ ಜಾಕೆಟ್‌ನ ಚರ್ಮದ ಚೂರು ಅಂಟಿಸಿದ. ಟೋಪಿ ಹಾಕಿದ ಬೆರಳಿಗೆ ತಂತಿ ತಾಗಿದ್ದು ತಿಳಿಯುವುದಿಲ್ಲ, ಕಿವಿಯಲ್ಲೇ ತಿಳಿಯಬೇಕು. ನಾನು ಹೊಲಿಗೆಯ ಬೆರಳುಟೋಪಿ ಹಾಕಿಕೊಂಡು ನೋಡಿದ್ದೇನೆ, ಒಂದು ಸ್ವರ ನೆಟ್ಟಗೆ ಬರಲಿಲ್ಲ. ಅದಕ್ಕೇ ಅವನು ತೆಳು ತಂತಿ ಕಟ್ಟಿದ, ಎರಡು ಬೆರಳಲ್ಲಿ ಹಿಡಿಯುವ ಕಾರ್ಡ್‌ಗಳನ್ನೇ (ಒಟ್ಟಿಗೆ ನುಡಿಸುವ ಸ್ವರಗಳು) ಜಾಸ್ತಿ ನುಡಿಸಿದ. ನೀವು ಹೇಳುವ ದಪ್ಪ ಸದ್ದು ಅಲ್ಲಿಂದ ಬಂತು.

ಈಗ 'ವಾರ್ನಿಂಗ್'. ಇಡೀ ಆಲ್ಬಂ 1969ರಲ್ಲಿ ಒಂದೇ ದಿನ, ಸ್ಟೇಜ್ ಮೇಲೆ ನುಡಿಸುವ ಹಾಗೆಯೇ ನುಡಿಸಿ ರೆಕಾರ್ಡ್ ಮಾಡಿದ್ದು. ಮಳೆ, ಗಂಟೆ ಆಮೇಲೆ ಸೇರಿಸಿದರು. ಆ ಹಾಡಿನ ನಡುವೆ ಡ್ರಮ್ಸ್, ಬೇಸ್ ಎರಡೂ ನಿಂತು ಅವನೊಬ್ಬನೇ ಉಳಿಯುವ ಜಾಗ ಇದೆ. ತಡಕಾಡುತ್ತಾನೆ, ಹಿಡಿಯುತ್ತಾನೆ, ಮತ್ತೆ ಬಿಡುತ್ತಾನೆ. ಎರಡು ನಿಮಿಷ ಕತ್ತರಿಸಿದ್ದರೆ ಚೆನ್ನಾಗಿತ್ತು, ನಿಜ. ಆದರೂ ಬೆರಳಿಗೆ ಬ್ಯಾಂಡೇಜ್ ಇದ್ದಾಗ ನಾನು 'ಪ್ಯಾರನಾಯ್ಡ್' ಹಾಕಲಿಲ್ಲ, ಇದನ್ನೇ ಹಾಕುತ್ತಿದ್ದೆ.

ಮುದ್ದೆ_ಮತ್ತು_ಮೆಟಲ್:
ಅಣ್ಣಾ, ರಾತ್ರಿ ಮತ್ತೆ ಕೇಳಿದೆ. ಈ ಸಲ ಕಾಫಿಗೆ ಏಳಲಿಲ್ಲ. 'ಪ್ಯಾರನಾಯ್ಡ್' ಮೇಲೆ ಅನ್ನುವುದರಲ್ಲಿ ಬದಲಾವಣೆ ಇಲ್ಲ. 'ಈವಿಲ್ ವುಮನ್' ಅಂತೂ ಈಗಲೂ ಬೇಡ.

ಪೀಣ್ಯ_ಎರಡನೇ_ಶಿಫ್ಟ್:
ಅದು ನನಗೂ ಬೇಡ. ಅಮೆರಿಕದಲ್ಲಿ ಬಂದ ಡಿಸ್ಕ್‌ನಲ್ಲಿ ಅದನ್ನು ತೆಗೆದು 'ವಿಕೆಡ್ ವರ್ಲ್ಡ್' ಹಾಕಿದ್ದಾರೆ. ಅದನ್ನು ಹುಡುಕಿ ಕೇಳಿ. ಶಿಫ್ಟ್‌ಗೆ ಟೈಮಾಯಿತು, ಬರ್ತೀನಿ.