ಸ್ಪ್ರಿಂಗ್ ಮಷೀನ್ 20 ಅಡಿಗೇ ನಿಲ್ಲುತ್ತದೆ, ಬಚ್ಚಲು ಐದೇ ದಿನಕ್ಕೆ ಮತ್ತೆ ಕಟ್ಟುತ್ತದೆ

ಹಿತ್ತಲಬಾಗಿಲು (ವಿದ್ಯಾನಗರ, ಹುಬ್ಬಳ್ಳಿ), ಸೋಮವಾರ ರಾತ್ರಿ 10:40

ಸಾಕಾಗಿದೆ. ಪ್ಲಂಬರನ ದಾರಿ ಕಾದು ಕಾದು ಬೇಸತ್ತು ಎರಡು ತಿಂಗಳ ಹಿಂದೆ, ಕಟ್ಟಿದ ಪೈಪಿನೊಳಗೆ ಕೇಬಲ್ ತಿರುಗಿಸಿ ಬಿಡಿಸುವ ಕರೆಂಟಿನ ಸ್ಪ್ರಿಂಗ್ ಮಷೀನನ್ನು ನಾನೇ ತೆಗೆದುಕೊಂಡೆ. 500 ವ್ಯಾಟ್, ಡ್ರಮ್ಮಿನೊಳಗೆ ಕೇಬಲ್ ಸುತ್ತಿರುವಂಥದ್ದು. ಬಚ್ಚಲಿನ ಜಾಲರಿ ತೆಗೆದು ಬಿಟ್ಟರೆ ಪ್ರತಿ ಸಲವೂ 20 ಅಡಿಗೆ ನಿಲ್ಲುತ್ತದೆ. ಇನ್ನೂ ಒತ್ತಿದರೆ ಕೈಯಲ್ಲೇ ಹಾವಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಹಿಂದೆ ಮುಂದೆ ಆಡಿಸಿದ ಮೇಲೆ ಗುಳುಗುಳು ಸದ್ದು ಮಾಡಿ ನೀರು ಇಳಿಯುತ್ತದೆ, ತುದಿಗೆ ಕಪ್ಪು ಕೆಸರು ಹತ್ತಿಕೊಂಡು ಬರುತ್ತದೆ. ಐದು ದಿನ, ಹೆಚ್ಚೆಂದರೆ ಆರು ದಿನ ಅಷ್ಟೇ. ಮತ್ತೆ ಪಾದ ಮುಳುಗುವಷ್ಟು ನೀರು. ಇವತ್ತಿಗೆ ಒಂಬತ್ತನೆಯ ಸಲ. ದೋಷ ಮಷೀನಿನದೋ, ನನ್ನ ಕೈಯದೋ? "ಬಿದಿರಿನ ಸೀಳು ಹಾಕಿ ಮೂವತ್ತು ವರ್ಷ ನಡೆಸಿದ್ದೇವೆ" ಎಂದು ಅವ್ವ ದಿನಕ್ಕೆ ಎರಡು ಸಲ ಹೇಳುತ್ತಾಳೆ. ಬೇಗ ಉತ್ತರ ಕೊಡಿ.

ಬೆಟಗೇರಿ ಮೋಟಾರ್ (ಗದಗ), ರಾತ್ರಿ 10:58

500 ವ್ಯಾಟ್ ಎಂದರೆ ಮಿಕ್ಸರ್. ಅದರಲ್ಲಿ ಶೇಂಗಾ ಚಟ್ನಿ ಮಾಡಿಕೊಳ್ಳಿ. ಕಾರ್ಬನ್ ಬ್ರಷ್ ಸವೆದಿರಬೇಕು, ಹೊರೆ ಬಿದ್ದ ಕೂಡಲೇ ಮೋಟಾರು ಸೋಲುತ್ತಿದೆ. ಎರಡೂ ಬ್ರಷ್ ಬಿಚ್ಚಿ ನೋಡಿ. ನನ್ನಲ್ಲಿ ಇರುವುದು ತುಂಡು ತುಂಡಾಗಿ ಜೋಡಿಸುವ 16 ಮಿ.ಮೀ. ಸ್ಪ್ರಿಂಗ್, ಮೋಟಾರಿನ ವೈಂಡಿಂಗ್ ನನ್ನದೇ ಕೈಯದು. ನಾಳೆ ಫೋಟೊ ಹಾಕುತ್ತೇನೆ.

ಹಿತ್ತಲಬಾಗಿಲು, ರಾತ್ರಿ 11:05

ಮೋಟಾರು ಸೋಲುತ್ತಿಲ್ಲ ಸರ್. ಅದು ತಿರುಗುತ್ತಲೇ ಇರುತ್ತದೆ, ಕೇಬಲ್ ಮುಂದೆ ಹೋಗುವುದಿಲ್ಲ. ಓದಿ ಉತ್ತರಿಸಿ.

ಧಾರವಾಡದ ಕಾಕಾ (ಸಪ್ತಾಪುರ), ಮಂಗಳವಾರ ಬೆಳಿಗ್ಗೆ 6:10

ಬೇರು. ನೂರಕ್ಕೆ ನೂರು ಬೇರು. ಹಿತ್ತಲಲ್ಲಿ ಏನಿದೆ, ನುಗ್ಗೆಯೋ ಕರಿಬೇವೋ? ಈ ಯಂತ್ರ ಹುಟ್ಟಿದ್ದೇ ಬೇರು ಕತ್ತರಿಸುವುದಕ್ಕೆ. 1930ರ ದಶಕದಲ್ಲಿ ಅಮೆರಿಕದ ಅಯೋವಾದವನಾದ ಸ್ಯಾಮ್ಯುಯೆಲ್ ಬ್ಲಾಂಕ್ ಎಂಬಾತ ಬಟ್ಟೆ ಒಗೆಯುವ ಯಂತ್ರದ ಮೋಟಾರು, ಸ್ಕೇಟಿನ ಚಕ್ರ, ಉಕ್ಕಿನ ಕೇಬಲ್ ಇಷ್ಟನ್ನೇ ಜೋಡಿಸಿ, ಚರಂಡಿಯಲ್ಲಿ ಬೆಳೆದ ಬೇರನ್ನು ಕತ್ತರಿಸಿದ. ತಮ್ಮಾ, ತುದಿಗೆ ಬ್ಲೇಡಿನ ತಲೆ ಹಾಕು. ಒಂದೇ ಏಟಿಗೆ ಮುಗಿಯುತ್ತದೆ.

ಪೈಪಿನವ (ರಾಣೇಬೆನ್ನೂರು), ಬೆಳಿಗ್ಗೆ 7:30

ಕಾಕಾ, ಬ್ಲೇಡಿನ ಮಾತು ಆಮೇಲೆ. ಮೊದಲು ಇಷ್ಟು ಹೇಳಿ: ಕೇಬಲ್ ಎಷ್ಟು ಮಿಲಿಮೀಟರ್ ದಪ್ಪ? ಒಳಗಿರುವ ಪೈಪ್ ಪಿವಿಸಿಯೋ, ಸುಟ್ಟ ಮಣ್ಣಿನ ಹಳೆಯ ಸ್ಟೋನ್‌ವೇರೋ, ಎಷ್ಟು ಇಂಚಿನದು? ಕೇಬಲ್ಲನ್ನು ಬಚ್ಚಲಿನ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪಿನ ಮೂಲಕ ಬಿಡುತ್ತಿದ್ದೀರೋ, ಹೊರಗೆ ಪೈಪ್ ನೋಡಲು ಕಟ್ಟಿರುವ ಗುಂಡಿಯಿಂದಲೋ, ಅಂದರೆ ಚೇಂಬರಿನಿಂದಲೋ? ಒಂದೇ ಬಚ್ಚಲು ಕಟ್ಟುತ್ತದೆಯೋ ಅಡುಗೆಮನೆಯ ಸಿಂಕೂ ಕಟ್ಟುತ್ತದೆಯೋ? ಇವನ್ನೆಲ್ಲ ಹೇಳದೆ "ಬೇಗ ಉತ್ತರ ಕೊಡಿ" ಎಂದರೆ ಹೇಗೆ?

ಹಿತ್ತಲಬಾಗಿಲು, ಬೆಳಿಗ್ಗೆ 9:15

10 ಮಿ.ಮೀ. ಕೇಬಲ್, ಉದ್ದ 50 ಅಡಿ. ತುದಿಯಲ್ಲಿ ಅದರ ಜೊತೆಗೇ ಬಂದ ಗುಂಡು ತಲೆ. ಪೈಪ್ 4 ಇಂಚಿನ ಸ್ಟೋನ್‌ವೇರ್, ಅಪ್ಪ 1984ರಲ್ಲಿ ಮನೆ ಕಟ್ಟಿಸಿದಾಗಿನದು. ನಹಾನಿ ಟ್ರ್ಯಾಪಿನಿಂದಲೇ ಬಿಡುತ್ತೇನೆ. ಸಿಂಕಿಗೆ ತೊಂದರೆ ಇಲ್ಲ, ಅದರ ಲೈನ್ ಬೇರೆ ಕಡೆಯಿಂದ ಹೋಗುತ್ತದೆ. ಹಿತ್ತಲಲ್ಲಿ ಕರಿಬೇವಿನ ಗಿಡ ಇದೆ, ಪೈಪಿನಿಂದ ಹನ್ನೆರಡು ಅಡಿ ದೂರ.

ಧಾರವಾಡದ ಕಾಕಾ, ಬೆಳಿಗ್ಗೆ 9:17

ಹೇಳಲಿಲ್ಲವೇ? ಕರಿಬೇವು!

ಪೈಪಿನವ, ಮಧ್ಯಾಹ್ನ 1:40

ಈಗ ಅರ್ಥವಾಯಿತು. 10 ಮಿ.ಮೀ. ಕೇಬಲ್ ಒಂದೂವರೆ ಇಂಚಿನಿಂದ ಮೂರು ಇಂಚಿನ ಪೈಪಿಗೆ ಸರಿ. 4 ಇಂಚಿನೊಳಗೆ ಅದಕ್ಕೆ ಆಚೆ ಈಚೆ ಬೇಕಾದಷ್ಟು ಜಾಗ ಸಿಗುತ್ತದೆ. ತಡೆ ಎದುರಾದ ಕೂಡಲೇ ಚುಚ್ಚುವ ಬದಲು ಮಡಚಿಕೊಂಡು ಹಿಂದಕ್ಕೆ ತಿರುಗುತ್ತದೆ. ಕೈಯಲ್ಲಿ ಸುರುಳಿ ಸುತ್ತುವುದು ಅದರ ಮುನ್ಸೂಚನೆ, ಆಗ ಒತ್ತುವುದನ್ನು ನಿಲ್ಲಿಸಬೇಕು. ಕಟ್ಟಿದ್ದರ ನಡುವೆ ನೀವು ಬೆರಳು ಹೋಗುವಷ್ಟು ತೂತು ಮಾಡುತ್ತಿದ್ದೀರಿ, ಅದು ಐದು ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಮಾತು: ಒಳಗೆ 20 ಅಡಿ ಕೇಬಲ್ ಹೋಯಿತು ಎಂದ ಮಾತ್ರಕ್ಕೆ ತಲೆ 20 ಅಡಿ ದೂರದಲ್ಲಿದೆ ಎಂದಲ್ಲ. ಅಲ್ಲೆಲ್ಲೋ ಉಂಡೆಯಾಗಿ ಕೂತಿರಬಹುದು. ಕೇಬಲ್ಲಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ, ಪ್ರತಿ ಸಲ ಅದೇ ಗುರುತಿಗೆ ನಿಲ್ಲುತ್ತದೆಯೇ ನೋಡಿ.

ಗೋಕುಲ ರಸ್ತೆ (ಹುಬ್ಬಳ್ಳಿ), ಮಧ್ಯಾಹ್ನ 2:05

ಇಷ್ಟೆಲ್ಲ ಏಕೆ? ರಾತ್ರಿ ಮಲಗುವಾಗ ಒಂದು ಲೀಟರ್ ಆ್ಯಸಿಡ್ ಸುರಿಯಿರಿ, ಬೆಳಿಗ್ಗೆ ಮಷೀನ್ ಹಾಕಿ. ಹತ್ತು ವರ್ಷದಿಂದ ನನ್ನ ಪದ್ಧತಿ ಇದೇ.

ಹಿತ್ತಲಬಾಗಿಲು, ಮಧ್ಯಾಹ್ನ 2:20

ಅದನ್ನೂ ಮಾಡಿದ್ದೇನೆ. ಮೂರನೆಯ ಸಲ ಮತ್ತು ಐದನೆಯ ಸಲ. ಉಪಯೋಗ ಆಗಲಿಲ್ಲ.

ಪೈಪಿನವ, ಮಧ್ಯಾಹ್ನ 2:31

ಇದನ್ನು ಈಗ ಹೇಳುತ್ತಿದ್ದೀರಾ! ಸ್ಟೋನ್‌ವೇರ್ ಪೈಪಿಗೆ ಆ್ಯಸಿಡ್ಡಿನಿಂದ ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಪೈಪುಗಳನ್ನು ಒಂದಕ್ಕೊಂದು ಕೂಡಿಸಿರುವುದು ಸಿಮೆಂಟಿನಿಂದ, ಅದನ್ನು ಆ್ಯಸಿಡ್ ತಿಂದುಹಾಕುತ್ತದೆ. ಮೇಲಾಗಿ ಆ್ಯಸಿಡ್ ನಿಂತಿರುವ ಪೈಪಿನಲ್ಲಿ ಕೇಬಲ್ ತಿರುಗಿಸಿದರೆ ಅದು ಹನಿಹನಿಯಾಗಿ ನಿಮ್ಮ ಮುಖಕ್ಕೇ ಸಿಡಿಯುತ್ತದೆ. ರಾಸಾಯನಿಕ ಹಾಕಿದ ಲೈನಿಗೆ ಮಷೀನ್ ಹಾಕಬಾರದು ಎಂಬುದು ಈ ಕೆಲಸದ ಮೊದಲ ಪಾಠ.

ಗೋಕುಲ ರಸ್ತೆ, ಮಧ್ಯಾಹ್ನ 2:40

ನನ್ನ ಮುಖಕ್ಕೆ ಇದುವರೆಗೆ ಏನೂ ಸಿಡಿದಿಲ್ಲ.

ಪೈಪಿನವ, ಮಧ್ಯಾಹ್ನ 2:42

ಸಿಡಿದ ಮೇಲೆ ಇಲ್ಲಿ ಬಂದು ಬರೆಯಲು ಕಣ್ಣು ಬೇಕಲ್ಲ.

ಬೆಟಗೇರಿ ಮೋಟಾರ್, ಸಂಜೆ 6:15

ಜಗಳ ಬಿಡಿ. ಫೋಟೊ ಹಾಕಿದ್ದೇನೆ ನೋಡಿ. ಎಡಗಡೆ ಇರುವುದು ಕಾಲಿನಿಂದ ಒತ್ತುವ ಸ್ವಿಚ್, ಹೊಲಿಗೆ ಯಂತ್ರದ್ದನ್ನು ತಂದು ಹಾಕಿದ್ದು. ಚೌಕಟ್ಟು ಹಳೆಯ ಮಗ್ಗದ ಕಬ್ಬಿಣ. ಒಂದೊಂದು ತುಂಡು ಜೋಡಿಸುತ್ತ ಹೋದರೆ ಬೀದಿಯ ಮೇನ್ ಲೈನಿನವರೆಗೂ ಮುಟ್ಟುತ್ತದೆ. ಕೈಗೆ ಹತ್ತಿಯ ಗ್ಲೌಸ್ ಹಾಕಿ ಆಡಿಸಿದರೆ ಬೆಣ್ಣೆಯಂತೆ ಹೋಗುತ್ತದೆ.

ಪೈಪಿನವ, ಸಂಜೆ 6:22

ಹೊಲಿಗೆ ಯಂತ್ರದ ಪೆಡಲ್ಲು ಒದ್ದೆ ನೆಲದಲ್ಲಿ! ಮತ್ತು ಹತ್ತಿಯ ಗ್ಲೌಸ್! ಎಳೆ ಬಿಟ್ಟ ಬಟ್ಟೆಯನ್ನು ತಿರುಗುವ ಸ್ಪ್ರಿಂಗ್ ಹಿಡಿದುಕೊಂಡರೆ ಬೆರಳನ್ನೂ ಜೊತೆಗೇ ಕರೆದುಕೊಂಡು ಹೋಗುತ್ತದೆ. ಕೈಗೆ ಬಿಗಿಯಾಗಿ ಕೂರುವ ಚರ್ಮದ ಗ್ಲೌಸ್ ಬೇಕು. ಪಂಚೆ ಉಟ್ಟು ಈ ಕೆಲಸಕ್ಕೆ ಕೂರಬಾರದು. ಪ್ಲಗ್ಗಿನ ಲೈನಿಗೆ ಕರೆಂಟ್ ಸೋರಿದರೆ 30 ಮಿಲಿಆಂಪಿಯರಿಗೆ ತಾನೇ ಆಫ್ ಆಗುವ ಇಎಲ್‌ಸಿಬಿ ಇರಲೇಬೇಕು.

ಬೆಟಗೇರಿ ಮೋಟಾರ್, ಸಂಜೆ 6:30

ಇಪ್ಪತ್ತು ವರ್ಷ ಮೋಟಾರು ಸುತ್ತಿದವನಿಗೆ ನೀವು ಕರೆಂಟಿನ ಪಾಠ ಹೇಳುತ್ತೀರಾ?

(ಇದಾದ ಮೇಲೆ ಇಎಲ್‌ಸಿಬಿ ಮತ್ತು ಎಂಸಿಬಿ ನಡುವಿನ ವ್ಯತ್ಯಾಸದ ಬಗ್ಗೆ ಬಂದ ಹದಿನಾಲ್ಕು ಉತ್ತರಗಳನ್ನು ವಿದ್ಯುತ್ ವಿಭಾಗಕ್ಕೆ ಸ್ಥಳಾಂತರಿಸಲಾಗಿದೆ. ನಿರ್ವಾಹಕ)

ಧಾರವಾಡದ ಕಾಕಾ, ಬುಧವಾರ ಬೆಳಿಗ್ಗೆ 6:05

ಬ್ಲೇಡ್ ಹಾಕಿದೆಯಾ ತಮ್ಮಾ?

ಹಿತ್ತಲಬಾಗಿಲು, ಬೆಳಿಗ್ಗೆ 8:50

ತಂದಿದ್ದೇನೆ ಕಾಕಾ, ಇನ್ನೂ ಹಾಕಿಲ್ಲ. ಟೇಪ್ ಸುತ್ತಿ ನೋಡಿದೆ. ಮೂರು ಸಲವೂ ಅದೇ ಗುರುತು, ಒಂದು ಗೇಣು ಆಚೆ ಈಚೆ. ಕೆಸರು ಕೂಡ ಅದೇ ಥರ. ಅದು ಜಿಡ್ಡು ಇರಬೇಕು. ಆದರೆ ಅಡುಗೆಮನೆಯ ಲೈನೇ ಅಲ್ಲವಲ್ಲ, ಜಿಡ್ಡು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡಿದ್ದೇನೆ.

ಎರೆಹೊಲ (ನರಗುಂದ), ಬೆಳಿಗ್ಗೆ 9:40

ನಾನು ಮಷೀನ್ ಇಟ್ಟುಕೊಂಡವಳಲ್ಲ, ಮನೆ ಕಟ್ಟಿಸಿ ಕೈ ಸುಟ್ಟುಕೊಂಡವಳು. ಆ ಬ್ಲೇಡನ್ನು ದಯವಿಟ್ಟು ಇವತ್ತು ಹಾಕಬೇಡಿ.

ತುದಿಗೆ ಬಂದ ಕೆಸರನ್ನು ಗ್ಲೌಸ್ ಹಾಕಿಕೊಂಡು ಒಂದಿಷ್ಟು ತೆಗೆದು, ಹಳೆಯ ಪತ್ರಿಕೆಯ ಮೇಲೆ ಹಚ್ಚಿ ಬಿಸಿಲಿಗಿಡಿ. ಜಿಡ್ಡಾದರೆ ಕಾಗದದಲ್ಲಿ ಸುತ್ತಲೂ ಎಣ್ಣೆಯ ಕಲೆ ಹರಡುತ್ತದೆ, ಸಂಜೆಯಾದರೂ ಮೆತ್ತಗಿರುತ್ತದೆ. ಎರೆಮಣ್ಣಾದರೆ ಒಣಗಿ ಬಿರುಕು ಬಿಡುತ್ತದೆ, ಬೇಸಿಗೆಯ ಹೊಲದ ಹಾಗೆ. ನಿಮ್ಮ ಕಡೆಯ ಮಣ್ಣೂ ನಮ್ಮದೇ ತಾನೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ನಲವತ್ತು ವರ್ಷ ಹೀಗೆ ಏರಿ ಇಳಿದರೆ ಸಿಮೆಂಟಿನ ಜೋಡಣೆ ಎಷ್ಟೆಂದು ತಡೆದೀತು?

ಇನ್ನೊಂದು ಪ್ರಶ್ನೆ. ಟ್ರ್ಯಾಪಿನಿಂದ ಪೈಪ್ ಹೋಗುವ ದಾರಿಯಲ್ಲೇ ನೆಲದ ಮೇಲೆ 18 ಅಡಿ ಅಳೆಯಿರಿ, ಬಾಗಿನಲ್ಲಿ ಕೆಳಗಿಳಿದ ಕೇಬಲ್ಲಿಗೆ ಎರಡು ಅಡಿ ಕಳೆಯಬೇಕಲ್ಲ. ಆ ಜಾಗದ ಮೇಲೆ ಏನಿದೆ?

ಹಿತ್ತಲಬಾಗಿಲು, ರಾತ್ರಿ 8:10

ನೀರಿನ ಟ್ಯಾಂಕು.

ಪೈಪಿನವ, ರಾತ್ರಿ 8:12

ಯಾವ ಟ್ಯಾಂಕು?

ಹಿತ್ತಲಬಾಗಿಲು, ರಾತ್ರಿ 8:19

2,000 ಲೀಟರಿನದು. ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ ನೀರು ಬರುತ್ತದೆ, ಹಳೆಯದು ಸಾಲುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಕಲ್ಲಿನ ಕಟ್ಟೆ ಕಟ್ಟಿಸಿ ಇಟ್ಟೆವು. ಅದಕ್ಕೂ ಬಚ್ಚಲಿಗೂ ಸಂಬಂಧ ಇರಬಹುದು ಎಂದು ಹೊಳೆಯಲೇ ಇಲ್ಲ. ಮಣ್ಣು ಒಣಗಿದೆ ಅಕ್ಕಾ. ಕಾಗದದಲ್ಲಿ ಎಣ್ಣೆಯ ಕಲೆ ಇಲ್ಲ. ಮುಟ್ಟಿದರೆ ಹೆಂಚಿನ ಚೂರಿನ ಹಾಗೆ ಮುರಿಯುತ್ತದೆ.

ಪೈಪಿನವ, ರಾತ್ರಿ 8:31

ತುಂಬಿದ ಟ್ಯಾಂಕೆಂದರೆ ಎರಡು ಟನ್, ಕಟ್ಟೆಯ ಭಾರ ಬೇರೆ. ಕೆಳಗೆ ಹಳೆಯ ಪೈಪ್. ಆ ಪೈಪಿಗೇ ನೀವು ಆ್ಯಸಿಡ್ ಕುಡಿಸಿದ್ದೀರಿ. ಕಟ್ಟುವುದು ಐದಾರು ದಿನಕ್ಕೊಮ್ಮೆ, ನೀರು ಬರುವುದೂ ಐದಾರು ದಿನಕ್ಕೊಮ್ಮೆ. ನೀರು ಬಂದ ದಿನ ಹಾಸಿಗೆ ಹೊದಿಕೆ ಎಲ್ಲ ಒಗೆಯುತ್ತೀರಲ್ಲವೇ?

ಹಿತ್ತಲಬಾಗಿಲು, ರಾತ್ರಿ 8:35

ಹೌದು. ಅವತ್ತೇ ಕಟ್ಟುತ್ತದೆ. ಈಗ ಲೆಕ್ಕ ಹಾಕಿದರೆ ಒಂಬತ್ತು ಸಲವೂ ಅವತ್ತೇ.

ಬೆಟಗೇರಿ ಮೋಟಾರ್, ರಾತ್ರಿ 8:50

ಅಂದರೆ ಟ್ಯಾಂಕ್ ತುಂಬಿದಾಗ ಭಾರಕ್ಕೆ ಪೈಪ್ ಒತ್ತಿಕೊಂಡು ಮುಚ್ಚುತ್ತದೆ, ಖಾಲಿಯಾದಾಗ ತೆರೆಯುತ್ತದೆ. ಸ್ಪ್ರಿಂಗಿನ ಹಾಗೆ.

ಪೈಪಿನವ, ರಾತ್ರಿ 8:54

ಸ್ಟೋನ್‌ವೇರ್ ಬಾಗುವುದಿಲ್ಲ ಮಾರಾಯರೇ, ಒಡೆಯುತ್ತದೆ. ಒಂದೇ ಸಮನೆ ಇಪ್ಪತ್ತು ಬಕೆಟ್ ನೀರು ಹೋಗುವಾಗ ಜೋಡಣೆಯ ಸಂದಿಯಿಂದ ಮಣ್ಣು ಕೊಚ್ಚಿಕೊಂಡು ಬಂದು, ಕುಸಿದ ಜಾಗದಲ್ಲಿ ಕೂರುತ್ತದೆ ಅಷ್ಟೇ. ಹಾಗಿದೆಯೋ ಇಲ್ಲವೋ ಚೇಂಬರಿನ ಮುಚ್ಚಳ ತೆಗೆದರೆ ಗೊತ್ತಾಗುತ್ತದೆ. ಬಚ್ಚಲು ತುಂಬಿದ್ದಾಗ ಚೇಂಬರ್ ಖಾಲಿ ಇದ್ದರೆ ಅಡಚಣೆ ನಡುವೆ ಇದೆ. ಚೇಂಬರೂ ತುಂಬಿದ್ದರೆ ಬೀದಿಯ ಲೈನ್ ಕಟ್ಟಿದೆ.

ಹಿತ್ತಲಬಾಗಿಲು, ರಾತ್ರಿ 9:02

ಚೇಂಬರ್ ಪೇವರ್ ಕಲ್ಲಿನ ಕೆಳಗೆ ಇದೆ. ಅದೂ ಯುಗಾದಿಗೇ.

ಎರೆಹೊಲ, ರಾತ್ರಿ 9:10

ಆ ಯುಗಾದಿಗೆ ಇನ್ನೇನೇನು ಮಾಡಿಸಿದ್ದೀರಿ, ಒಂದೇ ಸಲ ಹೇಳಿಬಿಡಿ ತಮ್ಮಾ.

ಗೋಕುಲ ರಸ್ತೆ, ರಾತ್ರಿ 9:25

ಪೇವರ್ ತೆಗೆದ ಮೇಲೆ ಯಾರನ್ನಾದರೂ ಚೇಂಬರಿಗೆ ಇಳಿಸಿ ಕೈಯಿಂದ ತೆಗೆಸಿಬಿಡಿ. ಐನೂರು ರೂಪಾಯಿಯ ಕೆಲಸ.

ಪೈಪಿನವ, ರಾತ್ರಿ 9:27

ಇಳಿಸುವ ಮಾತನ್ನು ಇಲ್ಲಿ ಆಡಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. ಕಾಯ್ದೆ ಇರದಿದ್ದರೂ ಆಡಬಾರದ ಮಾತು.

(ಹನ್ನೊಂದು ದಿನ ಯಾವ ಉತ್ತರವೂ ಇಲ್ಲ. ನಡುವೆ ಒಬ್ಬರು "ಇದೇ ಸಮಸ್ಯೆ ನನ್ನದೂ, ಪರಿಹಾರ ಸಿಕ್ಕಿತೇ?" ಎಂದು ಕೇಳಿದ್ದಾರೆ. ಬೆಟಗೇರಿ ಮೋಟಾರ್ ಇನ್ನೂ ಮೂರು ಫೋಟೊ ಹಾಕಿದ್ದಾರೆ.)

ಹಿತ್ತಲಬಾಗಿಲು, ಭಾನುವಾರ ಸಂಜೆ 5:20

ಕ್ಷಮಿಸಿ, ಅಗೆಯುವ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ನೀರು ಬಂದ ದಿನ ಪೇವರ್ ಎಬ್ಬಿಸಿ ಚೇಂಬರ್ ತೆರೆದೆವು. ಬಚ್ಚಲಲ್ಲಿ ನೀರು ನಿಂತಿತ್ತು, ಚೇಂಬರ್ ಬಣಬಣ ಒಣಗಿ, ಒಳಗೆ ಎರಡು ಜಿರಲೆ ಓಡಾಡುತ್ತಿದ್ದವು. ಟ್ಯಾಂಕ್ ಖಾಲಿ ಮಾಡಿ, ಕಟ್ಟೆ ಕಿತ್ತು, ಎರಡೂವರೆ ಅಡಿ ಅಗೆದೆವು. ಒಂದು ಪೈಪಿನ ಕುತ್ತಿಗೆ ಒಡೆದು, ಮುಂದಿನದು ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ಜೋಡಣೆಯ ಸಿಮೆಂಟು ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಆ ತಗ್ಗಿನಲ್ಲಿ ಬುಟ್ಟಿಗಟ್ಟಲೆ ಎರೆಮಣ್ಣು, ಅದರ ನಡುವೆ ನನ್ನ ಮಷೀನ್ ಕೊರೆದ ಒಂದೂವರೆ ಇಂಚಿನ ತೂತು, ಬಳೆಯಷ್ಟು ದುಂಡಗೆ. ಒಂಬತ್ತು ಸಲವೂ ನಾನು ಅದನ್ನೇ ಕೊರೆಯುತ್ತಿದ್ದೆ. ಬ್ಲೇಡ್ ಹಾಕಿದ್ದರೆ ಒಡೆದ ಅಂಚಿಗೆ ಸಿಕ್ಕಿಕೊಂಡು ಕೇಬಲ್ಲೇ ಒಳಗೆ ಉಳಿಯುತ್ತಿತ್ತು ಎಂದು ಅಗೆಯಲು ಬಂದವರು ಹೇಳಿದರು.

ಟ್ರ್ಯಾಪಿನಿಂದ ಚೇಂಬರಿನವರೆಗೆ 110 ಮಿ.ಮೀ. ಪಿವಿಸಿ ಹಾಕಿಸಿದೆ. ಸುತ್ತಲೂ ಎರೆಮಣ್ಣಿನ ಬದಲು ಮರಳು ತುಂಬಿಸಿದೆ. ಇಳಿಜಾರು 40 ಅಡಿಗೆ ಒಂದು ಅಡಿಯ ಲೆಕ್ಕ, ದಾರ ಕಟ್ಟಿ ನೋಡಿದೆ. ಟ್ಯಾಂಕು ಬಾವಿಕಟ್ಟೆಯ ಕಡೆಗೆ ಹೋಯಿತು. ಆಮೇಲೆ ಒಂದು ಸಲ ನೀರು ಬಂದು ಹೋಗಿದೆ, ಬಚ್ಚಲು ಇಳಿಯುತ್ತಿದೆ. ಅಕ್ಕಾ, ನಿಮಗೆ ಒಂದು ಡಬ್ಬಿ ಪೇಡೆ ಬಾಕಿ ಇದೆ.

ಎರೆಹೊಲ, ಸಂಜೆ 5:45

ಪೇಡೆ ಧಾರವಾಡದ್ದೇ ಆಗಿರಲಿ. ಚೇಂಬರಿನ ಮುಚ್ಚಳದ ಮೇಲೆ ಮತ್ತೆ ಪೇವರ್ ಹಾಕಿಸಿಲ್ಲ ತಾನೆ?

ಬೆಟಗೇರಿ ಮೋಟಾರ್, ಸಂಜೆ 6:00

ಆ 500 ವ್ಯಾಟಿನ ಮಷೀನ್ ಮಾರುವುದಿದ್ದರೆ ಹೇಳಿ. ಬ್ರಷ್ ಬದಲಿಸಿ ಸಿಂಕಿಗೆ ಇಟ್ಟುಕೊಳ್ಳುತ್ತೇನೆ.

ಧಾರವಾಡದ ಕಾಕಾ, ಸೋಮವಾರ ಬೆಳಿಗ್ಗೆ 6:03

ಅಗೆದಾಗ ಬೇರು ಇತ್ತೋ ಇಲ್ಲವೋ, ಅದನ್ನು ಬರೆದೇ ಇಲ್ಲವಲ್ಲ.

ಹಿತ್ತಲಬಾಗಿಲು, ಬೆಳಿಗ್ಗೆ 9:30

ಇತ್ತು ಕಾಕಾ. ಒಂದೇ ಒಂದು, ಹೊಲಿಗೆಯ ದಾರದಷ್ಟು.

ಧಾರವಾಡದ ಕಾಕಾ, ಬೆಳಿಗ್ಗೆ 9:31

ಹೇಳಲಿಲ್ಲವೇ?