ಅಪ್‌ಡೇಟ್: ಡೆಮೊ ಮತ್ತು ಇಂಟರ್‌ವ್ಯೂ ಒಂದೇ ಹೊತ್ತಿಗೆ ಬಿದ್ದಿತ್ತಲ್ಲ, ಅದು

ಕಳೆದ ವಾರ ಕೇಳಿದ್ದೆ: ಗುರುವಾರ ಬೆಳಿಗ್ಗೆ 11ಕ್ಕೆ ಹೊಸ ಕಂಪನಿಯ ಇಂಟರ್‌ವ್ಯೂ, ಅದೇ ಹೊತ್ತಿಗೆ ಆಫೀಸಿನಲ್ಲಿ ಕ್ಲೈಂಟ್ ಮುಂದೆ ನಾನೇ ಕೊಡಬೇಕಾದ ಡೆಮೊ. ಹುಷಾರಿಲ್ಲ ಅಂತ ರಜೆ ಹಾಕಿಬಿಡಲಾ? ಬೇಡ, ಮೊದಲು ಬೇರೆ ಸಮಯ ಕೇಳಿ ನೋಡಿ ಅಂತ ಜಾಸ್ತಿ ಜನ ಹೇಳಿದಿರಿ.

ಹಾಗೇ ಮಾಡಿದೆ. ಆ ಮೇಲ್ ಬರೆಯೋಕೆ ಮುಕ್ಕಾಲು ಗಂಟೆ ಹಿಡಿಯಿತು, ನಗಬೇಡಿ. ಮೊದಲು ಬರೆದದ್ದರಲ್ಲಿ ಮೂರು ಸಲ ಕ್ಷಮೆ ಕೇಳಿದ್ದೆ. ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ಇಷ್ಟು: ‘ಗುರುವಾರ 11ಕ್ಕೆ ಈಗಿನ ಕೆಲಸದಲ್ಲಿ ತಪ್ಪಿಸಲಾಗದ ಮೀಟಿಂಗ್ ಇದೆ. ಅಂದು ಸಂಜೆ 5ರ ನಂತರ ಅಥವಾ ಶುಕ್ರವಾರ ಬೆಳಿಗ್ಗೆ 9ಕ್ಕೆ ಆಗಬಹುದೇ?’ ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ಶುಕ್ರವಾರ 9. ಅಷ್ಟೇ! ಮೂರು ರಾತ್ರಿ ನಿದ್ದೆಗೆಟ್ಟಿದ್ದು ಇದಕ್ಕಾ ಅನ್ನಿಸಿತು.

ಡೆಮೊ ಪರವಾಗಿಲ್ಲ ಅನ್ನುವಂತೆ ಮುಗಿಯಿತು. ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಕಾರಣ ‘ಸ್ವಂತ ಕೆಲಸ’ ಅಂತಷ್ಟೇ ಬರೆದೆ, ಮ್ಯಾನೇಜರ್ ಏನೂ ಕೇಳಲಿಲ್ಲ. ಆದರೆ ಮಧ್ಯಾಹ್ನ ಪಕ್ಕದ ಸೀಟಿನವರು ನನ್ನ ಇಸ್ತ್ರಿ ಮಾಡಿದ ಶರ್ಟು ನೋಡಿ ‘ಏನ್ರೀ ವಿಶೇಷ?’ ಅಂದರು. ಟೀ ಶರ್ಟು ಬ್ಯಾಗಲ್ಲೇ ಇತ್ತು, ಬದಲಾಯಿಸೋದೇ ಮರೆತಿದ್ದೆ. ಸುಮ್ನೆ ನಕ್ಕೆ.

ಎರಡನೇ ಸುತ್ತಿಗೆ ಕರೆದಿದ್ದಾರೆ, ಮಂಗಳವಾರ. ಈ ಸಲ ಅವರು ಕೇಳುವ ಮೊದಲೇ ‘ಸಂಜೆ ಆದರೆ ಒಳ್ಳೆಯದು’ ಅಂದುಬಿಟ್ಟೆ. ಮ್ಯಾನೇಜರ್‌ಗೆ ನಿಜ ಹೇಳಿಬಿಡಿ ಅಂದವರು ಒಬ್ಬರಿದ್ದರು. ಅದೊಂದು ಮಾತ್ರ ಪಾಲಿಸಿಲ್ಲ. ಆಫರ್ ಲೆಟರ್ ಕೈಗೆ ಬರೋವರೆಗೂ ಬಾಯಿ ಬಿಡಲ್ಲ.